ಚಿಕ್ಕಪ್ಪನ ಬೆರಳು ಗಟ್ಟಿಯಾದ ದಿನಗಳು

ನಾನು ನಿಂತಿದ್ದು ನಡುಮನೆಯ ಒಳಗೆ, ಜೋಡಿ ಕದದ ಎಡಗಡೆಯ ಹಲಗೆಗೆ ಕಿವಿ ಒತ್ತಿಕೊಂಡು. ಸಂಜೆಯಾಗಿತ್ತು, ಇನ್ನೂ ದೀಪ ಹಾಕಿರಲಿಲ್ಲ. ರಾಮನಗರದ ನಮ್ಮ ಮನೆಯಲ್ಲಿ ಆ ಹೊತ್ತು ಬೆಂದ ರೇಷ್ಮೆಗೂಡಿನ ವಾಸನೆ ಇರಲಿಲ್ಲ. ಅದು ಚೆನ್ನಾಗಿ ನೆನಪಿದೆ, ಏಕೆಂದರೆ ಹುಟ್ಟಿದಾಗಿನಿಂದ ಆ ವಾಸನೆ ಇಲ್ಲದ ಮನೆಯನ್ನು ನಾನು ಕಂಡೇ ಇರಲಿಲ್ಲ. ಸತ್ತ ಹುಳುವಿನ ಎಣ್ಣೆ, ಬಿಸಿನೀರಿನ ಹಬೆ, ಸೌದೆಯ ಹೊಗೆ ಎಲ್ಲ ಬೆರೆತ ವಾಸನೆ ಅದು. ನಮ್ಮ ಹೊದಿಕೆಯಲ್ಲಿತ್ತು, ಶಾಲೆಯ ಚೀಲದಲ್ಲಿತ್ತು, ಅಜ್ಜಿ ಮುದ್ದೆ ಬಡಿಸುವ ತಟ್ಟೆಯ ಸುತ್ತಲೂ ಇತ್ತು. ಈಗ ಊರಿನ ಯಾವುದಾದರೂ ಓಣಿಯಲ್ಲಿ ಅದು ಬಂದರೆ ಜನ ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ನಾನು ಒಂದು ಗಳಿಗೆ ಅಲ್ಲೇ ನಿಲ್ಲುತ್ತೇನೆ.

ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡು. ಅಲ್ಲಿ ಅಪ್ಪ ಮತ್ತು ಅವನ ತಮ್ಮ, ನಮ್ಮ ಚಿಕ್ಕಪ್ಪ ಪುಟ್ಟಸ್ವಾಮಿ, ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಕುದಿವ ನೀರಿನಿಂದ ಬಂದ ಗೂಡುಗಳ ಎಳೆಗಳನ್ನು ಹುಡುಕಿ, ಸೇರಿಸಿ, ತಿರುಗುವ ರಾಟೆಗೆ ಹತ್ತಿಸಬೇಕು. ಇಡೀ ದಿನ ಕೈ ಬಿಸಿನೀರಿನಲ್ಲಿ. ಚಿಕ್ಕಪ್ಪ ಅದಕ್ಕೂ ಮುಂಚೆ ಕೆಲವು ವರ್ಷ ಬೆಂಗಳೂರಿನ ಒಂದು ಹೋಟೆಲಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸಿದ್ದ. ಅಲ್ಲಿಯ ಮುದುಕರೊಬ್ಬರು ಅವನಿಗೆ ಜಾಜ್ ಕಲಿಸಿದ್ದರಂತೆ. ತಾತ ತೀರಿಕೊಂಡ ಮೇಲೆ ಶೆಡ್ಡಿಗೆ ಕೈ ಸಾಲದೆ ಊರಿಗೆ ಬಂದ. ಗಿಟಾರು ಜೊತೆಗೆ ಬಂತು. ದನಿ ಹೊರಡಿಸುವ ಆಂಪ್ಲಿಫೈಯರು ಹೋಟೆಲಿನದು, ಅಲ್ಲೇ ಉಳಿಯಿತು.

ಅವನು ನನಗೆ ಪಾಠ ಶುರುಮಾಡಿದ. ಆದರೆ ಅವನು ನುಡಿಸಿದ್ದನ್ನು ನಾನು ಕೇಳಿರಲಿಲ್ಲ. ನೀರಿನಲ್ಲಿ ನೆನೆದು ಅವನ ಬೆರಳ ತುದಿಗಳು ಬೆಳ್ಳಗೆ, ಮೆತ್ತಗೆ, ಊದಿಕೊಂಡಿರುತ್ತಿದ್ದವು. ಬೇಸಿನ ದಪ್ಪ ತಂತಿಯನ್ನು ಒತ್ತಲು ಬೆರಳಿಗೆ ದಡ್ಡು ಕಟ್ಟಿರಬೇಕು. ಒಮ್ಮೆ ನನಗೆ ತೋರಿಸಲು ಹೋಗಿ ಚರ್ಮ ಕಿತ್ತು ಬಂತು. ಮರುದಿನ ಅದೇ ಬೆರಳನ್ನು ಬಿಸಿನೀರಿಗೆ ಇಳಿಸುವಾಗ ಅವನು ಹಲ್ಲು ಕಚ್ಚಿದ್ದನ್ನು ನೋಡಿದೆ. ಅಂದಿನಿಂದ ಅವನು ಬಾಯಲ್ಲೇ ಗುನುಗಿ ಕಲಿಸಿದ. ಗಿಟಾರು ನನ್ನ ತೊಡೆಯ ಮೇಲೆ, ಅವನ ಒದ್ದೆ ಕೈ ನನ್ನ ಭುಜದ ಮೇಲೆ ತಾಳ ಹಾಕುತ್ತ. ದನಿಗೆ ಒಂದು ಉಪಾಯವನ್ನೂ ಕಂಡುಕೊಂಡಿದ್ದ. ಗಿಟಾರಿನ ತಲೆಯನ್ನು ನಡುಮನೆಯ ಕದಕ್ಕೆ ಒತ್ತಿ ಹಿಡಿದರೆ, ಆ ಹಳೆಯ ಹಲಸಿನ ಮರವೇ ಒಳಗಿನಿಂದ ಗುಂಯ್ಗುಡುತ್ತಿತ್ತು. ಕಿವಿಯಿಟ್ಟವರಿಗೆ ಮಾತ್ರ ಪೂರ್ತಿ ಕೇಳುತ್ತಿತ್ತು.

ಒಂದು ಸ್ವರಗುಂಪಿನಿಂದ ಇನ್ನೊಂದಕ್ಕೆ ದಾಟುವಾಗ ನಾನು ತಡವರಿಸುತ್ತಿದ್ದೆ.

"ನಿಂತ್ಕಬ್ಯಾಡ ಕಣ್ಲಾ," ಎನ್ನುತ್ತಿದ್ದ. "ಗೂಡು ಮುಗ್ದೋದ್ಮೇಲೆ ಎಳೆ ಹುಡ್ಕಿದ್ರೆ ದಾರ ತೆಳ್ಳಗಾಗ್ತದೆ. ಮುಗಿಯೋಕ್ಕೆ ಮುಂಚೆನೇ ಹೊಸ ಎಳೆ ಕೊಡು. ಪಕ್ಕದ್ ಮನೆಯಿಂದ ಒಳಕ್ ಬಾ."

ಪಕ್ಕದ ಮನೆಯೆಂದರೆ ಮುಂದಿನ ಸ್ವರಕ್ಕೆ ಅಂಟಿಕೊಂಡಿರುವ ಸ್ವರ. ಜಾಜ್ ಬೇಸಿನ ನಡಿಗೆಯನ್ನು ಇದಕ್ಕಿಂತ ತಿಳಿಯಾಗಿ ಯಾರೂ ನನಗೆ ಹೇಳಿಲ್ಲ.

ಅಜ್ಜಿ ಗೋಡೆಗೊರಗಿ ಕೇಳುತ್ತ, "ಇದೇನ್ಲಾ ಇದು, ಗಬ್ಬದ ಎಮ್ಮೆ ನಡ್ದಂಗೈತೆ," ಎಂದಳು.

"ಅದೇ ಕಣವ್ವ. ನಡೀಬೇಕು ಇದು. ಓಡಬಾರ್ದು," ಎಂದು ಚಿಕ್ಕಪ್ಪ ನಕ್ಕ.

ನನಗೆ ಬೇಕಾಗಿದ್ದು ಒಂದೇ: ಒಮ್ಮೆ ಅವನು ನುಡಿಸುವುದನ್ನು ಕೇಳಬೇಕು. ಗುನುಗುವ ಬಾಯಿಯ ಹಿಂದೆ ಎಂಥ ಕೈ ಇತ್ತೆಂದು ತಿಳಿಯಬೇಕು. ಆ ವರ್ಷ ಗೂಡಿನ ಬೆಲೆಗೆ ಜಗಳವಾಗಿ ಮಾರುಕಟ್ಟೆ ಮುಚ್ಚಿತು. ಗೂಡು ಸಿಗದೆ ಶೆಡ್ಡಿನ ಒಲೆ ಆರಿತು. ವಾಸನೆ ದಿನದಿಂದ ದಿನಕ್ಕೆ ಕರಗಿತು. ಬೆಳಗಾದರೆ ಅಪ್ಪ ಮಾರುಕಟ್ಟೆಯ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದ, ಬಾಡಿದ ಮುಖದಲ್ಲಿ ಹಿಂದಿರುಗುತ್ತಿದ್ದ. ಅಡುಗೆಮನೆಯಲ್ಲಿ ಅಜ್ಜಿ ಹುರುಳಿಕಾಳಿನ ಮೇಲೇ ದಿನ ನೂಕಿದಳು. ಚಿಕ್ಕಪ್ಪನ ಬೆರಳುಗಳು ಮಾತ್ರ ಒಣಗಿದವು. ಮೊದಲು ಸಿಪ್ಪೆ ಎದ್ದಿತು, ಆಮೇಲೆ ಅಡಿಯಿಂದ ಹೊಸ ಚರ್ಮ ಬಂತು. ಅವನು ಗಿಟಾರನ್ನು ದಿನಕ್ಕೊಂದಿಷ್ಟು ಹೊತ್ತು ಹಿಡಿಯತೊಡಗಿದ. ಶಾಲೆಯಿಂದ ಬಂದವನೇ ನಾನು ಅವನ ಬೆರಳ ತುದಿ ಮುಟ್ಟಿ ನೋಡುತ್ತಿದ್ದೆ.

"ಒಸಿ ತಡಿಯೋ, ಇನ್ನೂ ಹಣ್ಣಾಗಿಲ್ಲ," ಎನ್ನುತ್ತಿದ್ದ.

ಅಪ್ಪ ಅದನ್ನು ಕಂಡು ಸಿಡುಕಿದ. "ಮನೇಲಿ ಒಲೆ ಉರೀತಿಲ್ಲ, ಇವ್ನಿಗೆ ತಂತಿ ಮೀಟೋ ಯೋಗ. ಮಾರ್ಕೆಟ್ ತೆಗೀಲಿ, ಎಲ್ಲಾ ಇಳೀತದೆ." ಅಪ್ಪ ಹೇಳಿದ್ದು ನಿಜವೆಂದು ಮೂವರಿಗೂ ಗೊತ್ತಿತ್ತು.

ನಾನು ಕದಕ್ಕೆ ಕಿವಿ ಒತ್ತಿ ನಿಂತ ಆ ಸಂಜೆ ಚಿಕ್ಕಪ್ಪ ಬಾಗಿಲನ್ನು ಪೂರ್ತಿ ಹಾಕಿಸಿದ. ಒಳಗೆ ನಾವಿದ್ದವರು ನಾನು, ಅಜ್ಜಿ, ಅವನು. ಅಕ್ಕ ಮಂಜುಳ ಹೊರಗೆ ಪಡಸಾಲೆಯಲ್ಲಿ ಕದಕ್ಕೆ ಕಿವಿಗೊಟ್ಟಿದ್ದಳು. ಚಿಕ್ಕಪ್ಪ ಸ್ಟೂಲಿನ ಮೇಲೆ ಕೂತು, ಗಿಟಾರಿನ ತಲೆಯನ್ನು ಕದಕ್ಕೆ ತಾಗಿಸಿ ನುಡಿಸಿದ. ಮೊದಲು ಮರ ನನ್ನ ಕೆನ್ನೆಯಲ್ಲಿ ನಡುಗಿತು, ಆಮೇಲೆ ದನಿ ಬಂತು. ಆತುರವಿಲ್ಲದ ಹೆಜ್ಜೆಗಳು, ಏರಿದವು, ಓಣಿ ತಿರುಗಿದವು, ಎಲ್ಲೋ ದೂರ ಹೋಗಿ ಮತ್ತೆ ನಮ್ಮ ಬಾಗಿಲಿಗೇ ಬಂದವು. ಎಲ್ಲಿ ಎಳೆ ಸೇರಿತೆಂದು ತಿಳಿಯಲೇ ಇಲ್ಲ. ಅಜ್ಜಿ ಎದ್ದು ಬಂದು ನನ್ನ ತಲೆಯ ಮೇಲುಗಡೆ ಕದಕ್ಕೆ ತನ್ನ ಕಿವಿಯಿಟ್ಟಳು. ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ದನಿ ನಿಂತಾಗ ಹೊರಗೆ ಕತ್ತಲಾಗಿತ್ತು.

ಕದ ತೆರೆಯಿತು. ಅಪ್ಪ ನಿಂತಿದ್ದ.

"ನಾಳೆಯಿಂದ ಮಾರ್ಕೆಟ್ ತೆಗೀತಾರಂತೆ," ಎಂದ. "ಬೆಳಿಗ್ಗೆ ಬ್ಯಾಗ್ನೆ ಏಳು, ಪುಟ್ಸಾಮಿ."

"ಹೂಂ ಕಣಣ್ಣ," ಎಂದು ಚಿಕ್ಕಪ್ಪ ಗಿಟಾರನ್ನು ನನ್ನ ಕೈಗೆ ಕೊಟ್ಟ.

ಒಲೆ ಮತ್ತೆ ಹತ್ತಿತು. ಅವನ ಬೆರಳು ಕೆಲವೇ ದಿನಗಳಲ್ಲಿ ಮತ್ತೆ ಮೆತ್ತಗಾಯಿತು. ಪಾಠ ಮುಂದುವರಿಯಿತು, ಬಾಯಲ್ಲಿ. ಅವನು ಮತ್ತೆಂದೂ ನುಡಿಸಲಿಲ್ಲ. ಅವನು ಹೋದ ಮೇಲೆ ಶೆಡ್ಡು ಹೋಯಿತು, ಮನೆ ಮಾರಾಟವಾಗಿ ಬೇರೆ ಕಟ್ಟಡ ಎದ್ದಿತು. ಆ ಕದ ಯಾರ ಮನೆಗೆ ಸೇರಿತೋ ತಿಳಿಯದು. ಈಗ ನಾನು ಭಾನುವಾರಗಳಲ್ಲಿ ಇದೇ ಊರಿನ ಒಂದು ಬಾಡಿಗೆ ಕೋಣೆಯಲ್ಲಿ ಬೇಸ್ ಕಲಿಸುತ್ತೇನೆ. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ದುಡಿಯುವ ಹುಡುಗಿಯೊಬ್ಬಳು ಬರುತ್ತಾಳೆ. "ಬೆರಳು ಉರೀತವೆ ಸಾರ್," ಎಂದು ಕೈ ಚಾಚಿದಾಗ ಆ ಕೆಂಪು ತುದಿಗಳನ್ನು ನೋಡಿ, ಆ ದಿನದ ಪಾಠವನ್ನು ಬಾಯಲ್ಲೇ ಗುನುಗಿ ಕಲಿಸುತ್ತೇನೆ.

ಚಿಕ್ಕಪ್ಪ ನುಡಿಸಿದ ಸಂಜೆ, ಕದ ತೆರೆದಾಗ ಅಪ್ಪ ಆಗಷ್ಟೇ ಬಂದನೆಂದು ಇಷ್ಟು ವರ್ಷವೂ ನಂಬಿದ್ದೆ. ಈಚೆಗೆ ಅಕ್ಕನ ಮನೆಗೆ ಹೋದಾಗ ಮಾತು ಅಲ್ಲಿಗೆ ಬಂತು.

"ನೀನು ಒಳಗಿದ್ದೆ, ನಿಂಗೆಲ್ಲಿ ಕಾಣ್ಬೇಕು," ಎಂದಳು. "ಮಾರ್ಕೆಟ್ ತೆಗೀತದೆ ಅಂತ ಹೇಳಕ್ಕೇ ಅಪ್ಪ ಓಡ್ಬಂದಿದ್ದು. ಆಗಿನ್ನೂ ಚಿಕ್ಕಪ್ಪ ಶುರುಮಾಡಿದ್ದ ಅಷ್ಟೇ. ನಾನು ಕದ ತಟ್ಟಕ್ಕೋದೆ, ಸುಮ್ಕಿರು ಅಂತ ಸನ್ನೆ ಮಾಡ್ದ. ಮುಗಿಯೋಗಂಟ ಆ ಕಡೆ ಕದಕ್ಕೆ ಅಂಗೈ ಇಟ್ಕಂಡು ನಿಂತ್ಬುಟ್ಟ ಕಣೋ."

ಅಜ್ಜಿ, ಅಪ್ಪ, ಚಿಕ್ಕಪ್ಪ ಯಾರೂ ಈಗಿಲ್ಲ. ಒಳಗೆ ನುಡಿದದ್ದನ್ನು ಕೇಳಿದವನು ನಾನಿದ್ದೇನೆ. ಹೊರಗೆ ಅಪ್ಪ ನಿಂತದ್ದನ್ನು ಕಂಡವಳು ಮಂಜುಳಕ್ಕ ಒಬ್ಬಳೇ, ಚನ್ನಪಟ್ಟಣದಲ್ಲಿದ್ದಾಳೆ.