ಮೈಕ್ರೋಸ್ಕೋಪಿನ ಹಣೆಗೆ ವಿಭೂತಿ

ನಾನು ಚಿಕ್ಕವಳಿದ್ದಾಗ ವಿಜ್ಞಾನ ಅಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಬೀಗ ಹಾಕಿದ ಒಂದು ಬೀರು. ನಗಬೇಡಿ ಮಕ್ಕಳೇ, ನಿಜವನ್ನೇ ಹೇಳುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ನಮ್ಮೂರ ಶಾಲೆಯಲ್ಲಿ ವಿಜ್ಞಾನವೆಂದರೆ ಒಬ್ಬರು ಎದ್ದು ನಿಂತು ಪುಸ್ತಕವನ್ನು ಗಟ್ಟಿಯಾಗಿ ಓದುವುದು, ಉಳಿದವರು ತೂಕಡಿಸುವುದು, ಅಷ್ಟೇ. ಎಂಟನೇ ಕ್ಲಾಸಿಗೆ ಪಕ್ಕದ ಊರಿನ ಹೈಸ್ಕೂಲು ಸೇರಿದ ಮೇಲೆ ಆ ಬೀರು ನೋಡಿದೆ. ವರಾಂಡದ ಕೊನೆಯ ಕೋಣೆಯಲ್ಲಿತ್ತು. ಗಾಜಿನ ಬಾಗಿಲು. ಒಳಗೆ ಗಾಜಿನ ಕೊಳವೆಗಳು, ಸಣ್ಣ ತಕ್ಕಡಿ, ಅಯಸ್ಕಾಂತ, ಒಂದು ಸ್ಪಿರಿಟ್ ದೀಪ. ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಕೆಂಪು ಬಟ್ಟೆ ಹೊದ್ದು, ಹೊಸ ಸೊಸೆಯ ಹಾಗೆ ತಲೆ ಬಗ್ಗಿಸಿ ನಿಂತಿದ್ದ ಮೈಕ್ರೋಸ್ಕೋಪು. ಆ ಕೋಣೆಯ ಬಾಗಿಲು ತೆಗೆದರೆ ಸಾಕು, ಸ್ಪಿರಿಟ್ಟು, ಧೂಳು, ಹಳೆಯ ಕಾಗದ ಎಲ್ಲ ಬೆರೆತ ವಾಸನೆ ಮೂಗಿಗೆ ಬಡಿಯುತ್ತಿತ್ತು. ನನಗೆ ಅದು ಮಲ್ಲಿಗೆ ಹೂವಿಗಿಂತ ಚೆಂದದ ವಾಸನೆ!

ನಮ್ಮೂರು ಸೂಳೆಕೆರೆಯ ಅಂಚಿನಲ್ಲಿ. ಬೆಳಿಗ್ಗೆ ಕಾಲುವೆ ಏರಿಯ ಮೇಲೆ ನಡೆದು ಹೈಸ್ಕೂಲಿಗೆ ಹೋಗುತ್ತಿದ್ದೆವು. ಎರಡೂ ಕಡೆ ಭತ್ತದ ಗದ್ದೆ, ಇಬ್ಬನಿಗೆ ಒದ್ದೆಯಾಗಿ ಕಾಲಿಗೆ ಅಂಟಿಕೊಳ್ಳುವ ಲಂಗ, ಕೆರೆಯ ಕಡೆಯಿಂದ ಬರುವ ಮೀನಿನ ವಾಸನೆಯ ಗಾಳಿ. ಚಪ್ಪಲಿ ಇರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲ.

ವಿಜ್ಞಾನದ ಮೇಷ್ಟ್ರು ಬಿಳಿ ಪಂಚೆ ಉಟ್ಟು ಬರುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣದ ಚೂರು. ಮೊದಲ ದಿನವೇ ಹೇಳಿಬಿಟ್ಟರು: "ನೋಡ್ರಪ್ಪಾ, ನನ್ನ ಕ್ಲಾಸಿಗೆ ಬರಾಕೆ ಜಾಣರೇ ಆಗಿರ್ಬೇಕು ಅಂತೇನಿಲ್ಲ. ಕೇಳ್ದೆ ಏನೂ ಮುಟ್ಟಂಗಿಲ್ಲ. ಒಡೆದ್ರೆ ಬಚ್ಚಿಡಂಗಿಲ್ಲ. ಕಂಡಿದ್ದನ್ನ ಕಂಡಂಗೆ ಹೇಳ್ಬೇಕು, ಪುಸ್ತಕದಾಗೆ ಐತೆ ಅಂತ ಹೇಳಂಗಿಲ್ಲ. ಇಷ್ಟಾದ್ರೆ ಸಾಕು."

ಯಾರು ಏನು ಉತ್ತರ ಹೇಳಿದರೂ ಅವರದು ಒಂದೇ ಪ್ರಶ್ನೆ: "ಹೆಂಗೆ ಗೊತ್ತು?" ಸರಿ ಉತ್ತರ ಹೇಳಿದವರಿಗೂ ಬಿಡುತ್ತಿರಲಿಲ್ಲ. ಆ ಪ್ರಶ್ನೆ ನನಗೆ ಅಂಟುಜಾಡ್ಯದ ಹಾಗೆ ಹತ್ತಿಕೊಂಡಿತು. ಮನೆಯಲ್ಲಿ ಅಕ್ಕ "ಸಾರಿಗೆ ಉಪ್ಪು ಸಾಕು" ಅಂದರೆ, "ಹೆಂಗೆ ಗೊತ್ತು?" ಅಂತಿದ್ದೆ.

"ನಾಲಿಗೆಗೆ ಹಾಕಿ ನೋಡ್ದೆ, ಅದ್ಕೇ ಗೊತ್ತು. ಸೌಟು ತಗಂಡು ಬಡಿತೀನಿ ನೋಡು" ಎಂದು ಅಕ್ಕ ರೇಗುತ್ತಿದ್ದಳು.

"ಅಂಗಾರೆ ನೀನೂ ವಿಜ್ಞಾನ ಮಾಡ್ದೆ ಕಣಕ್ಕಾ!"

ಅಕ್ಕನಿಗೂ ನಗು, ನನಗೂ ನಗು. ಅವ್ವ ತೀರಿಹೋದಾಗ ನಾನಿನ್ನೂ ಸಣ್ಣವಳು, ತಮ್ಮಂದಿರು ಕೂಸುಗಳು. ನಮ್ಮ ಪಾಲಿಗೆ ಅಕ್ಕನೇ ಅವ್ವ. ರೊಟ್ಟಿ ಬಡಿಯುವುದು, ದನಕ್ಕೆ ನೀರು ಇಡುವುದು, ನನ್ನ ಜಡೆ ಹಾಕಿ ರಿಬ್ಬನ್ನು ಕಟ್ಟುವುದು, ಎಲ್ಲ ಅವಳೇ. ಆ ವರ್ಷ ಅಕ್ಕನಿಗೆ ಹೊನ್ನಾಳಿ ಕಡೆಯ ಸಂಬಂಧ ಕೂಡಿಬಂತು. ದಸರಾ ಕಳೆದ ಮೇಲೆ ಮದುವೆ. ಒಂದು ಸಂಜೆ ಅಪ್ಪ ಕಟ್ಟೆಯ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದರು: "ದಸರಾ ರಜಕ್ಕೆ ಪುಸ್ತಕ ಮಡಚಿಡು ಮಗಾ. ಅಕ್ಕ ಹೋದ್ಮೇಲೆ ಒಲೆ ಮುಂದೆ ಕೂರಾಕೆ ಇನ್ಯಾರು ಅದಾರೆ?"

ನನಗೂ ಗೊತ್ತಿತ್ತು, ಯಾರೂ ಇಲ್ಲವೆಂದು. ಆದರೆ ಮೇಷ್ಟ್ರು ಒಂದು ಮಾತು ಕೊಟ್ಟಿದ್ದರು. ರಜೆಗೆ ಮುಂಚಿನ ಕೊನೆಯ ದಿನ ಮೈಕ್ರೋಸ್ಕೋಪು ಕೆಳಗಿಳಿಸಿ ಎಲ್ಲರಿಗೂ ತೋರಿಸುತ್ತೇನೆ, ನಿಮ್ಮ ನಿಮ್ಮ ಮನೆ ಹತ್ತಿರದ ನೀರು ತನ್ನಿ ಎಂದಿದ್ದರು. ಒಬ್ಬೊಬ್ಬರಿಗೆ ಒಂದೊಂದು ಸರದಿ. ಶಾಲೆ ಬಿಡುವ ಮೊದಲು ಅದೊಂದನ್ನು ನೋಡಿಬಿಡಬೇಕು ಅನ್ನುವುದೇ ನನ್ನ ಆಸೆ. ಅದರಾಚೆಗೆ ಏನನ್ನೂ ಕೇಳುವ ಧೈರ್ಯ ಇರಲಿಲ್ಲ.

ಆ ದಿನ ಬೆಳಗಾಗುತ್ತಲೇ ಅಕ್ಕನನ್ನು ಎಳೆದುಕೊಂಡು ಕೆರೆಯಂಚಿಗೆ ಹೋದೆ. ಕಲ್ಲಿನ ಸಂದಿಯಲ್ಲಿ ಹಸಿರು ಪಾಚಿ ತೇಲುತ್ತಿದ್ದ ಕಡೆ ಟಾನಿಕ್ ಸೀಸೆ ಅದ್ದಿದೆ. "ಅಲ್ಲ ಕಣೇ, ಪಾಚಿ ನೋಡಾಕೆ ಹೈಸ್ಕೂಲಿಗೆ ಹೋಗ್ಬೇಕೇನೇ?" ಅಂದಳು ಅಕ್ಕ. "ನಮ್ಮ ಬಚ್ಚಲ ಕಲ್ಲು ಉಜ್ಜು ಬಾ, ಬೇಕಾದಷ್ಟು ಸಿಗ್ತೈತೆ." ಅಂದರೂ ತಾನೇ ಬಗ್ಗಿ ಒಳ್ಳೆ ಹಸಿರಾದ ಎಳೆ ಆರಿಸಿ ಹಾಕಿಕೊಟ್ಟಳು.

ರಜೆಗೆ ಮುಂಚೆ ಹೈಸ್ಕೂಲಿನಲ್ಲಿ ಪೂಜೆ ಮಾಡುವುದು ರೂಢಿ. ಅಪ್ಪಂದಿರು ನೇಗಿಲು, ಕುಡುಗೋಲಿಗೆ ಮಾಡುವ ಹಾಗೆ ನಾವು ಬೀರಿನ ಸಾಮಾನುಗಳಿಗೆ ಮಾಡುತ್ತಿದ್ದೆವು. ಬೆಳಿಗ್ಗೆ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟು, "ಹುಷಾರಾಗಿ ಮಾಡ್ರಮ್ಮಾ" ಅಂದ ಮೇಷ್ಟ್ರು ಮಂಡಕ್ಕಿ, ಬಾಳೆಹಣ್ಣು ತರಿಸಲು ಹೊರಟರು. ಹುಡುಗಿಯರದೇ ಅಲಂಕಾರ. ತಕ್ಕಡಿಗೆ ಸೇವಂತಿಗೆ, ಅಯಸ್ಕಾಂತಕ್ಕೆ ಕುಂಕುಮ, ಕೊಳವೆಗಳಿಗೆ ಒಂದೊಂದು ದಾಸವಾಳ. ಮೈಕ್ರೋಸ್ಕೋಪಿನ ಹತ್ತಿರ ಬಂದಾಗ ಕೈ ನಿಂತಿತು. ವಿಭೂತಿ ಹಚ್ಚಬೇಕಲ್ಲ, ಇದರ ಹಣೆ ಯಾವುದು?

"ಮೇಲಿರೋದು ತಲೆ. ತಲೆ ತುದಿಯಾಗೆ ಹಣೆ" ಎಂದಳು ನನ್ನ ಪಕ್ಕ ಕೂರುತ್ತಿದ್ದ ಗೆಳತಿ. ಅವರ ಮನೆಯಲ್ಲಿ ದಿನವೂ ಲಿಂಗಪೂಜೆ, ಹಾಗಾಗಿ ಅವಳ ಮಾತಿಗೆ ಎದುರಿಲ್ಲ.

"ಅದು ಕಣ್ಣು ಇಟ್ಟು ನೋಡೋ ಜಾಗ ಅಲ್ವೇನೇ?" ಎಂದ ಒಬ್ಬ ಹುಡುಗ.

"ನಿನ್ನ ಕಣ್ಣು ಹಣೆ ಹತ್ರಾನೇ ಐತಲ್ಲೋ, ಬೆನ್ನಾಗೆ ಐತಾ?" ಎಂದು ಗೆಳತಿ ಅವನ ಬಾಯಿ ಮುಚ್ಚಿಸಿ, ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಮೇಲಿನ ಗಾಜಿಗೆ ಸೊಗಸಾಗಿ ಎಳೆದಳು. ನಾವೆಲ್ಲ ಕೈ ಮುಗಿದೆವು. ಊದುಬತ್ತಿ ಹೊಗೆ, ಕರ್ಪೂರ, ಹೂವು, ಸ್ಪಿರಿಟ್ಟಿನ ಘಾಟು! ಆ ಕೋಣೆಯಲ್ಲಿ ನಿಂತರೆ ದೇವಸ್ಥಾನವೂ ಹೌದು, ಹೈಸ್ಕೂಲೂ ಹೌದು ಅನ್ನಿಸುತ್ತಿತ್ತು.

ಮಂಡಕ್ಕಿ ತಿಂದಾದ ಮೇಲೆ ಹೂವೆಲ್ಲ ತೆಗೆದು, ಮೇಜನ್ನು ವರಾಂಡಕ್ಕೆ ತಂದರು. ಕರೆಂಟಿನ ದೀಪದ್ದಲ್ಲ ಆ ಮೈಕ್ರೋಸ್ಕೋಪು. ಕೆಳಗೊಂದು ದುಂಡು ಕನ್ನಡಿ, ಅದನ್ನು ಬೆಳಕಿನ ಕಡೆ ತಿರುಗಿಸಬೇಕು. ಅಷ್ಟರಲ್ಲಿ ಗಾಜಿನ ಮೇಲಿನ ವಿಭೂತಿ ಒಣಗಿ ತೆಳ್ಳಗಾಗಿತ್ತು, ಮೇಷ್ಟ್ರ ಕಣ್ಣಿಗೂ ಬೀಳಲಿಲ್ಲ. ಗಾಜಿನ ಪಟ್ಟಿಯ ಮೇಲೆ ನೀರಿನ ಹನಿ ಇಟ್ಟು, ಸಾಲಾಗಿ ಬನ್ನಿ ಎಂದರು.

ಮೊದಲ ಹುಡುಗ ಕಣ್ಣು ಇಟ್ಟ. "ಅಮೀಬಾ ಕಂಡಿತು ಸಾರ್!" ಎಂದ. ಮುಂದಿನವನೂ ಅಮೀಬಾ. ಅದರ ಮುಂದಿನವಳಿಗೆ ಎರಡು ಅಮೀಬಾ. ಪುಸ್ತಕದಲ್ಲಿ ಅದರ ಚಿತ್ರ ಇತ್ತಲ್ಲ! ಸಾಲು ಮುಂದೆ ಸರಿಯಿತು. ನನ್ನ ಸರದಿ ಬಂತು. ನನ್ನ ಸೀಸೆಯ ನೀರಿನದೇ ಹನಿ. ಉಸಿರು ಬಿಗಿಹಿಡಿದು ಬಗ್ಗಿದೆ. ಮಂಜು. ಬರೀ ಬೆಳ್ಳನೆ ಮಂಜು, ನಡುವೆ ಒಂದಿಷ್ಟು ಚುಕ್ಕೆ. ಮೇಷ್ಟ್ರು ಗಾಜಿನ ಪಟ್ಟಿಯನ್ನು ಮೆಲ್ಲಗೆ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದರು. ಮತ್ತೂ ಮಂಜು.

"ಏನು ಕಂಡೆ?"

ಅಮೀಬಾ ಅಂದುಬಿಡೋಣ ಅನ್ನಿಸಿತು. ಆದರೆ ಇದೇ ಕೊನೆಯ ಸಲ ಅಂತ ಗೊತ್ತಿದ್ದವಳಿಗೆ ಸುಳ್ಳು ಹೇಳಿ ಏನು ಬಂತು? "ಏನೂ ಕಾಣ್ಲಿಲ್ಲ ಸಾರ್. ಬೆಳ್ಳಗೆ ಐತೆ. ನೀವು ಗಾಜು ಸರಿಸಿದ್ರೂ ಅದು ಸರೀಲಿಲ್ಲ."

ಹಿಂದಿನವರು ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ. ತಾವೇ ಬಗ್ಗಿ ನೋಡಿದರು. ಮೇಲಿನ ಕೊಳವೆಯನ್ನು ತಿರುಗಿಸಿದರು. ಆಮೇಲೆ ಬೆರಳಿನಿಂದ ಗಾಜು ಸವರಿ, ಬೆರಳು ನೋಡಿಕೊಂಡು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಅಯ್ಯೋ ಶಿವನೇ! ಅಮೀಬಾ ಅಲ್ರಪ್ಪಾ ಇದು, ವಿಭೂತಿ! ಯಾರಮ್ಮಾ ಇದಕ್ಕೆ ದೀಕ್ಷೆ ಕೊಟ್ಟೋರು?" ಗೆಳತಿ ನನ್ನ ಬೆನ್ನ ಹಿಂದೆ ಅವಿತುಕೊಂಡಳು. ಮೇಷ್ಟ್ರು ಮೆತ್ತನೆ ಬಟ್ಟೆಗೆ ಸ್ಪಿರಿಟ್ಟು ಹಾಕಿ ಗಾಜು ಒರೆಸುತ್ತಾ ಹೇಳಿದರು: "ಅಮೀಬಾ ಕಂಡೋರೆಲ್ಲ ಹಿಂದಕ್ಕೆ ಹೋಗ್ರಿ. ಏನೂ ಕಾಣ್ಲಿಲ್ಲ ಅಂದೋಳು ಮುಂದಕ್ಕೆ ಬಾ."

ಅದೇ ಹೊತ್ತಿಗೆ ಗೇಟಿನ ಕಡೆಯಿಂದ ಕೊರಳಗಂಟೆ ಸದ್ದು ಕೇಳಿಸಿತು. ಮದುವೆಗೆ ಪಾತ್ರೆ ತರಲು ಚನ್ನಗಿರಿಗೆ ಹೋಗಿದ್ದ ಅಪ್ಪ ಗಾಡಿ ನಿಲ್ಲಿಸಿ ಕೂಗಿದರು: "ಏ ಮಗಾ, ಹೊತ್ತಾತು. ಮಳೆ ಮೋಡ ಆಗೈತೆ, ಹೊಸ ಪಾತ್ರೆ ನೆಂದು ಕಲೆ ಬೀಳ್ತಾವೆ. ಬಾರೇ!" ನೋಡಿದರೆ ಪಡುವಣದಲ್ಲಿ ಕಪ್ಪನೆ ಮೋಡ. ಅದು ಸೂರ್ಯನ ಹತ್ತಿರ ಬಂದರೆ ಕನ್ನಡಿಗೂ ಬೆಳಕಿಲ್ಲ. ಮೇಷ್ಟ್ರು ಇನ್ನೂ ಗಾಜು ಒರೆಸುತ್ತಲೇ ಇದ್ದಾರೆ. ನಾನು ಅಪ್ಪನ ಕಡೆಗೊಮ್ಮೆ, ಮೇಜಿನ ಕಡೆಗೊಮ್ಮೆ ನೋಡುತ್ತಾ ನಿಂತೆ. ಕಾಲು ಮಾತ್ರ ಕೀಳಲಿಲ್ಲ. ಅಪ್ಪ ನನ್ನ ಮುಖ ನೋಡಿದರು. ಏನು ಕಂಡಿತೋ. "ಎತ್ತು ನಿಂತಿರ್ತಾವೆ. ನೋಡ್ಕಂಡೇ ಬಾ" ಎಂದರು.

ಕಣ್ಣಿಟ್ಟೆ. ಅಬ್ಬಬ್ಬಾ! ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಬೆಳಕಿನ ದೊಡ್ಡ ಬಟ್ಟಲು. ಅದರೊಳಗೆ ಗಾಜಿನ ಬಳೆ ಚೂರುಗಳನ್ನು ಒಂದಕ್ಕೊಂದು ಜೋಡಿಸಿದ ಹಾಗೆ ಉದ್ದನೆಯ ದಾರ. ಒಂದೊಂದು ಚೂರಿನ ಒಳಗೂ ಜಡೆಗೆ ಸುತ್ತಿದ ರಿಬ್ಬನ್ನಿನ ಹಾಗೆ ಸುರುಳಿಯಾದ ಹಸಿರು ಪಟ್ಟಿ! ನಮ್ಮ ಕೆರೆಯ ಪಾಚಿ ಇಷ್ಟೊಂದು ಸಿಂಗಾರ ಮಾಡಿಕೊಂಡಿರುತ್ತದೆ ಎಂದು ಯಾರಿಗೆ ಗೊತ್ತಿತ್ತು? ನೋಡುತ್ತಿದ್ದ ಹಾಗೆ, ಒಳಗೆಲ್ಲ ಕಾಣಿಸುವಂಥ ಒಂದು ಸಣ್ಣ ಜೀವ ಎಲ್ಲಿಂದಲೋ ಬಂದು ದಾರಕ್ಕೆ ಮೂತಿ ತಾಗಿಸಿ, ಹಿಂದೆ ಸರಿದು, ಇನ್ನೊಂದು ಕಡೆಯಿಂದ ನುಗ್ಗಿ ಹೊರಟೇಹೋಯಿತು. ಬಾಗಿಲು ಹುಡುಕುವ ಕುರಿಮರಿಯ ಹಾಗೆ.

ಬಾಯಿಗೆ ಬಂದಂತೆ ಎಲ್ಲ ಹೇಳಿದೆ. ಮೇಷ್ಟ್ರು "ಹೆಂಗೆ ಗೊತ್ತು?" ಅಂತ ಕೇಳಲಿಲ್ಲ. ಸುಮ್ಮನೆ ತಲೆದೂಗಿ, "ನೀವೂ ನೋಡ್ರಿ ಯಜಮಾನ್ರೇ" ಎಂದು ಅಪ್ಪನನ್ನು ಕರೆದರು. ಅಪ್ಪ ಚಪ್ಪಲಿ ಬಿಟ್ಟು, ರುಮಾಲು ಸರಿಮಾಡಿಕೊಂಡು, ಬಗ್ಗಿ ನೋಡಿ, "ಚೆಂದಾಗೈತ್ರೀ" ಎಂದರು. ಮೇಷ್ಟ್ರು ತಗ್ಗಿದ ದನಿಯಲ್ಲಿ, "ಹುಡುಗೀನ ಬಿಡಿಸ್ಬೇಡ್ರೀ" ಎಂದದ್ದು ನನಗೂ ಕೇಳಿಸಿತು. "ಮನೆಯಾಗೆ ಕೈ ಇಲ್ಲ ಮೇಷ್ಟ್ರೇ" ಎಂದು ಅಪ್ಪ ಕೈ ಮುಗಿದರು. ಅಷ್ಟೇ ಮಾತು.

ಗಾಡಿ ಕೆರೆ ಏರಿ ಹತ್ತುವಾಗ ಹನಿ ಬೀಳತೊಡಗಿತು. ಅಪ್ಪ ಕಂಬಳಿ ತೆಗೆದು ಪಾತ್ರೆಗೆ ಹೊದಿಸದೆ ನನಗೆ ಹೊದಿಸಿದರು. ಸ್ವಲ್ಪ ದೂರ ಹೋದ ಮೇಲೆ, "ನಂಗೆ ಏನು ಕಾಣ್ತು ಗೊತ್ತೇನೇ? ನನ್ನ ರೆಪ್ಪೆ ಕೂದ್ಲು. ಮೇಷ್ಟ್ರ ಮುಂದೆ ಹೇಳಾಕೆ ನಾಚ್ಕೆ ಆತು" ಎಂದರು. ಆಮೇಲೆ ಎತ್ತುಗಳನ್ನು ನಿಧಾನ ಮಾಡಿ, "ನೀನು ಕಂಡಿದ್ದು ಹೇಳು ತಾಯೀ" ಎಂದರು. ಊರು ಬರುವವರೆಗೂ ಹೇಳಿದೆ. ಅಪ್ಪ ಮಳೆ ಬೀಳುತ್ತಿದ್ದ ಆ ದೊಡ್ಡ ನೀರನ್ನೇ ನೋಡುತ್ತಾ ಕೇಳಿಸಿಕೊಂಡರು.

ಅಕ್ಕ ಹೋದಳು, ನಾನು ಒಲೆ ಮುಂದೆ ಕೂತೆ. ಅಪ್ಪನ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಆದರೆ ಬೆಳಿಗ್ಗೆ ಗೆಳತಿಯರು ನಮ್ಮ ಮನೆ ಮುಂದೆ ಹೈಸ್ಕೂಲಿಗೆ ಹೋಗುವಾಗ ರೊಟ್ಟಿ ಹಂಚಿನ ಮೇಲೆ ಸೀದುಹೋಗುತ್ತಿತ್ತು. ಇವತ್ತು ಸ್ಪಿರಿಟ್ ದೀಪ ಹಚ್ಚುತ್ತಾರೋ, ತಕ್ಕಡಿ ಇಳಿಸುತ್ತಾರೋ, ಮೇಷ್ಟ್ರು ಏನು ಕೇಳುತ್ತಾರೋ ಎಂದು ದಿನವಿಡೀ ಅದೇ ಗುಂಗು. ಮದುವೆಯಾಗಿ ನ್ಯಾಮತಿಗೆ ಬಂದೆ, ಮಕ್ಕಳಾದರು, ಮೊಮ್ಮಕ್ಕಳಾಗಿ ನೀವೂ ಬಂದಿರಿ. ಆ ಗುಂಗು ಮಾತ್ರ ಹೋಗಲಿಲ್ಲ.

ನಿಮಗೀಗ ಕಾಯುವ ಕಷ್ಟವಿಲ್ಲ. ಸ್ಕೂಲಿನಲ್ಲಿ ಬೆಂಚಿಗೊಂದು ಮೈಕ್ರೋಸ್ಕೋಪು, ಒಳಗೇ ದೀಪ, ಮೋಡದ ಹಂಗಿಲ್ಲ. ಮನೆಗೆ ಬಂದರೆ ಫೋನಿನಲ್ಲಿ ಬೇಕಾದ ಜೀವ ಬೇಕಾದಷ್ಟು ದೊಡ್ಡದಾಗಿ ಓಡಾಡುತ್ತದೆ. ನೋಡಿ ನೋಡಿ ನಿಮಗೆ ಬೇಸರವೂ ಬರುತ್ತದೆ. ಬರಲಿ ಬಿಡಿ, ಬೇಸರ ಬರುವಷ್ಟು ಸಿಕ್ಕಿತಲ್ಲ ನನ್ನ ಮಕ್ಕಳಿಗೆ, ನನಗೆ ಅದೇ ಹಬ್ಬ! ನನ್ನ ದೊಡ್ಡ ಮೊಮ್ಮಗಳು ಈ ವರ್ಷ ಎಂಟನೇ ಕ್ಲಾಸು. ಮೊನ್ನೆ ಸ್ಕೂಲಿನಿಂದ ಬಂದವಳೇ "ಅಜ್ಜೀ, ಇವತ್ತು ಈರುಳ್ಳಿ ಸಿಪ್ಪೆ ನೋಡಿದ್ವಿ" ಎಂದು ಓಡಲು ಹೊರಟಳು. ನಾನು ಬಿಡಲಿಲ್ಲ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಏನು ಕಂಡೆ, ಯಾವ ಬಣ್ಣ, ಗೋಡೆ ಕಟ್ಟಿದ ಹಾಗಿತ್ತಾ, ಚಾಪೆ ಹೆಣೆದ ಹಾಗಿತ್ತಾ, ಎಲ್ಲ ಕೇಳಿದೆ. ಅವಳಿಗೆ ನಗು. "ಎಷ್ಟು ಕೇಳ್ತೀಯಜ್ಜಿ, ನಂಗೆ ಆಟಕ್ಕೆ ಹೋಗ್ಬೇಕು!"

ಆಟಕ್ಕೆ ಹೋಗಿ ಬಾ ಕಂದಾ. ಬಂದು ಕೈಕಾಲು ತೊಳೆದುಕೊಂಡು ಕೂತು ಉಳಿದದ್ದು ಹೇಳು. ದಸರಾ ಆದ ಮೇಲೆ ಏನೇನು ಪಾಠ ಮಾಡುತ್ತಾರೋ, ಅದನ್ನಂತೂ ಒಂದನ್ನೂ ಬಿಡಬೇಡ. ಎಂಟನೇ ಕ್ಲಾಸಿನಲ್ಲಿ ಅರ್ಧ ವರ್ಷ ನಾನಿನ್ನೂ ಕೂರಬೇಕಾಗಿದೆ.