ಮೀನಿನ ಜೋಡಿ ಬಿಡಿಸಿದ್ದು

ಗಂಡಹೆಂಡಿರು ಜಗಳವಾಡುತ್ತಿದ್ದಾರೋ ಸರಸವಾಡುತ್ತಿದ್ದಾರೋ, ನಾನು ಬೀದಿಯ ಆ ತುದಿಯಿಂದಲೇ ಹೇಳಬಲ್ಲೆ. ಮೀನಿನ ವಿಷಯದಲ್ಲಿ ಮಾತ್ರ ಏನೂ ತಿಳಿಯುವುದಿಲ್ಲ. ಬಾಯಿಗೆ ಬಾಯಿ ಕಚ್ಚಿಕೊಂಡು ಎಳೆದಾಡುತ್ತವೆ. ಮುದ್ದೋ ಕೊಲೆಯೋ, ದೇವರೇ ಬಲ್ಲ.

ಮೀನು ಮೊಮ್ಮಗಳು ರಮ್ಯಳದು. ಫ್ಲವರ್‌ಹಾರ್ನ್ ಅಂತೆ. ಗಂಡಿನ ಹಣೆ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟು, ಮೂಗಿನ ತುದಿಯಲ್ಲಿ ಸಿಟ್ಟು. ಹೋದ ಸಲ ತಂದ ಹೆಣ್ಣನ್ನು ಒಂದೇ ಬೆಳಗ್ಗೆ ಹರಿದು ಹಾಕಿತ್ತು. ಅದಕ್ಕೇ ಈ ಸಲ ತೊಟ್ಟಿಯ ನಡುವೆ ಅಡ್ಡಗಾಜು ಇಳಿಸಿ, ಎರಡೂ ಮೀನು ನಾಲ್ಕು ತಿಂಗಳು ಬರೀ ಮುಖ ನೋಡಿಕೊಂಡಿರಲಿ ಎಂದು ಬಿಟ್ಟಿದ್ದಳು. ಹೆಣ್ಣು ನೋಡೋ ಶಾಸ್ತ್ರದಲ್ಲಿ ನಮಗೆ ಅರ್ಧ ಗಂಟೆ ಕೊಟ್ಟಿದ್ದರು, ಅದೂ ತಲೆ ಎತ್ತೋ ಹಾಗಿರಲಿಲ್ಲ.

ಒಂದು ಭಾನುವಾರ ಗಾಜು ಎತ್ತಿದಳು.

"ಅಜ್ಜಿ, ಅಂಗಡಿಗೋಗಿ ಬರ್ತೀನಿ. ಸಾಯ್ಸೋ ಹಂಗೆ ಕಂಡ್ರೆ ಗಾಜು ಇಳ್ಸು."

"ಸಾಯ್ಸೋ ಹಂಗೆ ಅಂದ್ರೆ ಹೆಂಗಿರುತ್ತೆ ಕಣೇ?"

"ನೋಡಿದ್ರೆ ಗೊತ್ತಾಗುತ್ತೆ."

ಗೊತ್ತಾಗಲಿಲ್ಲ. ಗಂಡು ಗುದ್ದಿತು, ಹೆಣ್ಣು ತಿರುಗಿ ಕಚ್ಚಿತು. ಆಮೇಲೆ ಎರಡೂ ಮೈ ನಡುಗಿಸುತ್ತಾ ತೊಟ್ಟಿಯ ತಳದಲ್ಲಿಟ್ಟಿದ್ದ ಒಂದೇ ಹೆಂಚನ್ನು ಬಾಯಲ್ಲಿ ಉಜ್ಜತೊಡಗಿದವು. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಶಿಡ್ಲಘಟ್ಟಕ್ಕೆ ಬಂದ ಮೇಲೆ ರೇಷ್ಮೆ ಮೊಟ್ಟೆ ತಯಾರಿಸೋ ಬಿತ್ತನೆ ಕೋಠಿಯಲ್ಲಿ ಹದಿನೆಂಟು ವರ್ಷ ರೇಷ್ಮೆ ಚಿಟ್ಟೆ ಬಿಡಿಸಿದವಳು. ಗಂಡು ಹೆಣ್ಣು ಚಿಟ್ಟೆ ಜೋಡಿಯಾಗಿ ಮೂರ್ನಾಲ್ಕು ಗಂಟೆಯಾದರೆ ಸಾಕು, ಬೆರಳಲ್ಲಿ ಮೆಲ್ಲಗೆ ಬೇರೆ ಮಾಡಬೇಕು. ಗಂಡು ಬುಟ್ಟಿಗೆ, ಹೆಣ್ಣು ಹಾಳೆ ಮೇಲೆ ಮೊಟ್ಟೆ ಇಡೋಕೆ. ಇಲ್ಲೂ ಆಗಬೇಕಾದ್ದು ಆಯಿತು, ಇನ್ನು ಈ ಬುಗುಟು ತಲೆಯವನಿಗೇನು ಕೆಲಸ ಅಂದುಕೊಂಡು ಗಾಜು ಇಳಿಸಿದೆ.

ಮಧ್ಯಾಹ್ನ ಹೆಣ್ಣು ಹೆಂಚಿನ ಮೇಲೆ ಸಾಲುಸಾಲಾಗಿ ಮೊಟ್ಟೆ ಇಟ್ಟಿತು. ಬಾಣಂತನ ಮಾಡಿಸಿದವಳ ಹಾಗೆ ನಾನು ಬೀಗಿದೆ. ರಮ್ಯ ಬಂದು ನೋಡಿ ತಲೆ ಚಚ್ಚಿಕೊಂಡಳು.

"ಅಯ್ಯೋ ಅಜ್ಜಿ, ಮೀನು ಮೊದ್ಲು ಮೊಟ್ಟೆ ಇಡುತ್ತೆ, ಆಮೇಲೆ ಗಂಡು ಅದರ ಮೇಲೆ ಹೋಗಿ ಬೀಜ ಬಿಡ್ಬೇಕು!"

"ಇದೆಂಥಾ ಉಲ್ಟಾ ಸಂಸಾರಾನೇ!"

ಗಾಜು ಎತ್ತಿದಳು, ಹೊತ್ತು ಮೀರಿತ್ತು. ಮಾರನೇ ದಿನಕ್ಕೆ ಮೊಟ್ಟೆಯೆಲ್ಲ ಕೆಟ್ಟು ಸುಣ್ಣದ ಹಾಗೆ ಬೆಳ್ಳಗಾದವು. ಹೆಣ್ಣು ಮಾತ್ರ ಅವಕ್ಕೇ ರೆಕ್ಕೆಯಲ್ಲಿ ಗಾಳಿ ಬೀಸುತ್ತಲೇ ಇತ್ತು. ಅದನ್ನು ನೋಡಲಾಗದೆ ನಾನು ಮಣೆ ತಿರುಗಿಸಿ ಕೂತೆ. ರಮ್ಯ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, "ಈ ಜಾತೀಲಿ ಎಷ್ಟೋ ಗಂಡು ಬರಡಂತೆ. ನಿನ್ ತಪ್ಪೋ, ಅದರ ತಪ್ಪೋ" ಅಂದಳು. ಸಮಾಧಾನ ಹೇಳಿದಳೋ ಬೈದಳೋ, ಅದೂ ತಿಳಿಯಲಿಲ್ಲ.

ತಿಂಗಳು ಕಳೆದು ಮತ್ತೆ ಕಚ್ಚಾಟ ಶುರುವಾಯಿತು. ಈ ಸಲ ಹೆಣ್ಣಿನ ಬಾಲ ಹರಿದಿತ್ತು. ಗಾಜಿನ ಒಂದು ತುದಿ ರಮ್ಯ ಹಿಡಿದಿದ್ದಳು, ಇನ್ನೊಂದು ನಾನು.

"ಬಿಡ್ಸಣಾ ಅಜ್ಜಿ?"

ಒಂದು ಸಲ ಕೆಡಿಸಿದವಳನ್ನೇ ಕೇಳುತ್ತಾಳಲ್ಲ! "ನಂಗೊತ್ತಿಲ್ಲಮ್ಮ" ಅಂದೆ. ಆ ಮಾತು ನನ್ನ ಬಾಯಿಂದ ಕೇಳಿದ್ದು ಅವಳಿಗೆ ಹೊಸದು.

ಗಾಜನ್ನು ತೊಟ್ಟಿಗೆ ಇಳಿಸಲೂ ಇಲ್ಲ, ನೆಲಕ್ಕೆ ಇಡಲೂ ಇಲ್ಲ. ಹೆಣ್ಣು ಒಂದು ಸಾಲು ಇಟ್ಟಿತು, ಗಂಡು ಅದರ ಮೇಲೆ ಹಾದುಹೋಯಿತು. ಇನ್ನೊಂದು ಸಾಲು, ಇನ್ನೊಂದು ಗುದ್ದು. ಹಾಗೇ ನಿಂತೆವು. ಅರ್ಧ ಮೊಟ್ಟೆ ಬೆಳ್ಳಗಾದವು. ಮಿಕ್ಕರ್ಧದಲ್ಲಿ ಮೂರನೇ ದಿನ ಕೂದಲೆಳೆಯಂಥ ಬಾಲಗಳು ಅಲ್ಲಾಡಿದವು.

ನನ್ನ ರಟ್ಟೆ ಇನ್ನೂ ನೋಯುತ್ತಿದೆ. ಏನೂ ಮಾಡದೆ ಇಷ್ಟು ದಣಿದದ್ದು ಇದೇ ಮೊದಲು.