ಬೇವಿನ ರಸಕ್ಕೆ ಚಿಟಿಕೆ ಉಪ್ಪು

ಬೈಲಹೊಂಗಲದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸುಂದರವ್ವ ಇಪ್ಪತ್ತೆರಡು ವರ್ಷದಿಂದ ಸೀಸೆ ತೊಳೆಯುತ್ತಿದ್ದಾಳೆ. ಇವತ್ತಿನವರೆಗೆ ಅವಳ ಕೈಯಿಂದ ಒಂದು ಗಾಜೂ ಒಡೆದಿಲ್ಲ. ಪ್ರಿನ್ಸಿಪಾಲರನ್ನೇ ಬಾಗಿಲಲ್ಲಿ ತಡೆದು, ಕೈ ತೊಳೆದುಕೊಂಡು ಬರ್ರಿ ಎಂದ ಗಟ್ಟಿಗಿತ್ತಿ ಅವಳು.

ಈ ವರ್ಷ ಮೃಣಾಲಿನಿ ಮೇಡಂ ಹೊಸ ಕೆಲಸ ಹಚ್ಚಿದ್ದರು. ಬೇವಿನ ಎಲೆಯ ರಸವನ್ನು ಬೆಳ್ಳಿಯ ದ್ರಾವಣಕ್ಕೆ ಬೆರೆಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು, ಅಂದರೆ ನ್ಯಾನೊ ಕಣಗಳು, ಹುಟ್ಟುತ್ತವೆ. ಅವನ್ನು ಬಟ್ಟೆಗೆ ಲೇಪಿಸಿ, ಗಾಯ ಕೀವಾಗದಂತೆ ಕಾಯುವ ಪಟ್ಟಿ ಮಾಡಬೇಕೆಂಬುದು ಅವರ ಆಸೆ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದರೆ ಕಣ ಹುಟ್ಟಿದವೆಂದು ಗುರುತು. ಎಲೆ ಕುದಿಸುವವಳು ಸುಂದರವ್ವ. ಬೆರೆಸುವವಳು ಯರಗಟ್ಟಿಯಿಂದ ದಿನಾ ಬಸ್ಸಿಗೆ ಬರುವ ವಿದ್ಯಾರ್ಥಿನಿ ಶೀತಲ.

ಮೂರು ಸಲ ಬೆರೆಸಿದರೂ ಕಂದು ಬರಲಿಲ್ಲ. ದ್ರಾವಣ ಮಜ್ಜಿಗೆಯಂತೆ ಬೆಳ್ಳಗಾಯಿತು.

"ಇದಕ್ಕ ಎಲ್ಲಿಂದರೆ ಉಪ್ಪು ಬಿದ್ದದ, ಅದಕ್ಕ ಹಿಂಗ ಬೆಳ್ಳಗ ಆಗೇದ," ಎಂದ ಮೇಡಂ ಶೀತಲಳತ್ತ ತಿರುಗಿದರು. "ಉಪ್ಪಿನ ಶೇಂಗಾ ತಿಂದ ಕೈಲೆ ಮುಟ್ಟೀದಿ ನೀ. ನಾಳೆಯಿಂದ ಈ ಕೆಲಸಕ್ಕ ಬರಬ್ಯಾಡ."

ಹುಡುಗಿಯ ಕಣ್ಣು ತುಂಬಿತು. ಸುಂದರವ್ವ ತಾನು ಎಲೆ ಕುದಿಸಿದ ಪಾತ್ರೆಯತ್ತ ನೋಡಿದಳು. ಸೊಪ್ಪು ತಪ್ಪಲು ಕುದಿಯುವಾಗ ಚಿಟಿಕೆ ಉಪ್ಪು ಹಾಕಿದರೆ ಹಸಿರು ಕೆಡುವುದಿಲ್ಲ ಎಂದು ಅತ್ತೆ ಕಲಿಸಿದ್ದಳು. ಪಲ್ಯವಿರಲಿ, ಬೇವಿರಲಿ, ಕೈ ತಾನಾಗಿಯೇ ಬುತ್ತಿಯ ಉಪ್ಪಿನ ಪೊಟ್ಟಣಕ್ಕೆ ಹೋಗುತ್ತಿತ್ತು. ಈಗ ಹೇಳಿದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು, ಈ ಕೋಣೆಯ ಕೆಲಸವೂ ಹೋದೀತು. ಹೇಳದಿದ್ದರೆ ಈ ಕೂಸಿನ ಗತಿಯೇನು?

"ಆ ಹುಡಿಗೀನ ಬೈಬ್ಯಾಡ್ರಿ ಮೇಡಂ. ಉಪ್ಪು ಹಾಕಿದಾಕಿ ನಾನರಿ. ತಪ್ಪಲಾ ಹಸರ ಉಳೀಲಿ ಅಂತ ಮೂರೂ ಸಲ ಹಾಕೇನ್ರಿ."

"ಮೊದಲ ಯಾಕ ಹೇಳಲಿಲ್ಲ ಸುಂದರವ್ವ?"

"ಕುದಿಯೂ ಎಸರಿಗೆ ಉಪ್ಪು ಹಾಕಿದ್ದನ್ನ ಯಾರರೆ ಹೇಳ್ಕೋತ ತಿರಗತಾರೇನ್ರಿ?"

ಮೇಡಂ ಸ್ಟೂಲಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಶೀತಲಳ ಕೈ ಹಿಡಿದು, "ತಪ್ಪು ನಂದವ್ವಾ. ನಾಳೆ ಲಗೂ ಬಾ," ಎಂದರು.

ಸುಂದರವ್ವ ಎಲೆಯ ಬುಟ್ಟಿಯನ್ನು ಅವರ ಮುಂದಿಟ್ಟಳು. "ಇನ್ನ ಮ್ಯಾಲ ಬ್ಯಾರೆದಾವ್ರು ಕುದಸಲಿ ಬಿಡ್ರಿ."

ಮೇಡಂ ಬುಟ್ಟಿಯನ್ನು ಎತ್ತಿ ಮತ್ತೆ ಅವಳ ಕೈಗೇ ಕೊಟ್ಟರು. "ಉಪ್ಪು ಹಾಕಿದ್ರ ಏನಾಗತದ ಅಂತ ಈ ಕಾಲೇಜಿನಾಗ ನಿಮ್ಮಷ್ಟು ಯಾರಿಗೆ ಗೊತ್ತದ? ನೀವ ಕುದಸ್ರಿ."

ಮರುದಿನ ಉಪ್ಪಿಲ್ಲದ ರಸ ಬೆರೆಸಿದ ಅರ್ಧ ಗಂಟೆಗೆ ದ್ರಾವಣ ಹಳದಿಯಾಯಿತು, ನೋಡನೋಡುತ್ತ ಕಂದಾಯಿತು. "ಬಂತ್ರಿ ಅಕ್ಕಾರ, ಬಂತು!" ಎಂದು ಶೀತಲ ಬಂದು ಸುಂದರವ್ವನನ್ನು ತಬ್ಬಿಕೊಂಡಳು. ಸುಂದರವ್ವ ನಗುನಗುತ್ತಲೇ ಗಳಗಳನೆ ಅತ್ತುಬಿಟ್ಟಳು.